ಬಂದೂಕಿಗೆ ತೋಟಾ ಹಾಕೋ ಮೊದಲು ನಳಿಕೆಯೊಳಗೆ ಒಂದ್ಸಲ ಇಣುಕಿ ನೋಡಿ

ಮಧುಗಿರಿ ಕಡೆ ನಮ್ಮದು ನಾಲ್ಕು ಎಕರೆ ಕಡ್ಲೆಕಾಯಿ. ಕಾಯಿ ಬಲಿಯುತ್ತಿದ್ದ ಹಾಗೇ ಕಾಡುಹಂದಿ ಇಳಿಯುತ್ತವೆ. ಬೆಳಿಗ್ಗೆ ಹೋಗಿ ನೋಡಿದರೆ ನೇಗಿಲು ಹೊಡೆದ ಹಾಗೆ ಹೊಲ. ಅದಕ್ಕೇ ಬೆಳೆ ಕಾಯೋ ಲೈಸೆನ್ಸ್ ಮೇಲೆ 12 ಬೋರಿನ ಒಂಟಿನಳಿಕೆ ಬಂದೂಕು ಇಟ್ಟುಕೊಂಡಿದ್ದೇನೆ. ಹಂದಿ ಹೊಡೆಯೋಕಲ್ಲ, ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಸದ್ದಿಗೆ ಓಡಲಿ ಅಂತ ಅಷ್ಟೇ.

2024ರ ಲೋಕಸಭಾ ಚುನಾವಣೆಗೆ ಠಾಣೆಯಲ್ಲಿ ಜಮಾ ಮಾಡಿದ್ದೆ. ಜೂನ್‌ನಲ್ಲಿ ತಂದು, ಎಣ್ಣೆ ಒರೆಸಿ, ಪಡಸಾಲೆಯ ಗೂಟಕ್ಕೆ ತೂಗುಹಾಕಿದೆ. ಬೀಗದೊಳಗೆ ಇಡಬೇಕಿತ್ತು. ಸೋಮಾರಿತನ, ಇನ್ನೇನು. ಮೂರು ತಿಂಗಳು ಮುಟ್ಟಲಿಲ್ಲ.

ಸೆಪ್ಟೆಂಬರ್‌ನ ಒಂದು ರಾತ್ರಿ ನಾಯಿ ಬೊಗಳಿತು. ಬಂದೂಕು ಎತ್ತಿಕೊಂಡು ಓಡಿದೆ. ಬದುವಿನ ಮೇಲೆ ನಿಂತು, ಕತ್ತಲಲ್ಲೇ ತೋಟಾ ಹಾಕಿ, ಆಕಾಶಕ್ಕೆ ಹಾರಿಸಿದೆ. ಢಂ ಅನ್ನಲಿಲ್ಲ. ತಗಡು ಹರಿದ ಹಾಗೆ ಸದ್ದು. ಎಡ ಮುಂಗೈಗೆ ಏನೋ ಸುಟ್ಟ ಹಾಗಾಯಿತು. ಟಾರ್ಚ್ ಹಾಕಿದರೆ ರಕ್ತ. ನಳಿಕೆಯ ತುದಿ, ಹಲ್ಲುಜ್ಜಿ ಬಿಸಾಕಿದ ಬೇವಿನ ಕಡ್ಡಿ ಹಾಗೆ ಸೀಳಿ ಅಗಲವಾಗಿತ್ತು. ಮೂರು ಹೊಲಿಗೆ ಬಿತ್ತು. ಎರಡು ದಿನ ಕಿವಿ ಗುಂಯ್‌ಗುಟ್ಟಿತು. ಒಂದು ಗೇಣು ಹಿಂದೆ ಸೀಳಿದ್ದರೆ ಮುಖ ಉಳಿಯುತ್ತಿತ್ತಾ, ಗೊತ್ತಿಲ್ಲ.

ಕಾರಣ ಬೆಳಿಗ್ಗೆ ಸಿಕ್ಕಿತು. ಗೂಟದ ಪಕ್ಕ ಗೋಡೆಯಲ್ಲಿ ಬೆರಳುದ್ದದ ಮಣ್ಣಿನ ಕೊಳವೆಗಳು. ಒಂದನ್ನು ಒಡೆದೆ. ಒಳಗೆ ಏಳೆಂಟು ಜೇಡ, ಕಾಲು ಮಡಚಿಕೊಂಡು ಮರಗಟ್ಟಿದ್ದವು. ಮರಿಗೆ ಮೇವು ಕೂಡಿಡೋ ಕಣಜದ ಹುಳದ ಕೆಲಸ ಇದು. ನಾವು ಕುಂಬಾರ ಹುಳ ಅಂತೀವಿ. 12 ಬೋರಿನ ನಳಿಕೆಯ ಒಳ ಅಗಲ ಹದಿನೆಂಟು ಮಿಲಿಮೀಟರ್ ಮೇಲಿದೆ. ಗೂಡು ಕಟ್ಟೋಕೆ ಆ ಹುಳಕ್ಕೆ ಇದಕ್ಕಿಂತ ಒಳ್ಳೆ ಮನೆ ಬೇಕಾ? ಮಣ್ಣು ಅಡ್ಡ ಬಂದರೆ ಹಿಂದಿನಿಂದ ನುಗ್ಗಿ ಬರೋ ಚರೆಗೆ (ತೋಟಾದೊಳಗಿನ ಸಣ್ಣ ಗುಂಡುಗಳಿಗೆ) ದಾರಿ ಇಲ್ಲ. ಆ ಒತ್ತಡ ನಳಿಕೆಯನ್ನೇ ಸೀಳುತ್ತೆ.

ಈಗ ನಾನು ಮಾಡೋದು ಇಷ್ಟು. ಹೊರಡೋ ಮೊದಲು ಬಂದೂಕನ್ನು ಕೀಲಿನ ಹತ್ತಿರ ಮಡಚಿ ತೆರೆದು, ತೋಟಾ ಇಲ್ಲ ಅಂತ ಕೈಯಿಟ್ಟು ನೋಡಿ, ಹಿಂದಿನ ಕಡೆಯಿಂದ ದೀಪಕ್ಕೆ ಹಿಡಿಯುತ್ತೇನೆ. ದುಂಡಗೆ ಬೆಳಕು ಕಂಡರೆ ಸರಿ. ಹುಳ ಬರದಿರಲಿ ಅಂತ ಬಾಯಿಗೆ ಬಟ್ಟೆ ತುರುಕಬೇಡಿ, ಮರೆತು ಹಾರಿಸಿದರೆ ಅದೂ ಮಣ್ಣೇ. ರೆಕ್ಸಿನ್ ಚೀಲದಲ್ಲಿ ಇಟ್ಟರೆ ತೇವ ಹಿಡಿದು ತುಕ್ಕು. ನಮ್ಮ ಜಿಲ್ಲೆಯವರು ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಬಳಿಯುತ್ತೇವಲ್ವಾ, ಚಳಿಗೆ ಅದು ಹೆಪ್ಪುಗಟ್ಟಿ ಕುದುರೆ (ಟ್ರಿಗರ್) ಅಂಟುತ್ತೆ. ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸಾಕು. ಬುಡದ ಹಿತ್ತಾಳೆ ಹಸಿರುಗಟ್ಟಿದ, ಊದಿಕೊಂಡ ತೋಟಾ ಹಾಕಬೇಡಿ. ಕುದುರೆ ಎಳೆದರೂ ಹಾರದಿದ್ದರೆ ತಕ್ಷಣ ಬಿಚ್ಚಬೇಡಿ. ಬಾಯಿ ಖಾಲಿ ಕಡೆಗೆ ಹಿಡಿದು ಒಂದು ನಿಮಿಷ ನಿಲ್ಲಿ, ತಡವಾಗಿ ಹಾರೋದುಂಟು.

ಇನ್ನೊಂದು ವಿಷಯ. ವೆಲ್ಡಿಂಗ್ ಅಂಗಡಿಯ ಹುಡುಗ "ಅರ್ಧ ಅಡಿ ಕತ್ತರಿಸಿ ಕೊಡ್ತೀನಿ ಅಣ್ಣ, ಹೊಸದಾಗುತ್ತೆ" ಅಂದ. ನಾನೂ ಹೂಂ ಅನ್ನೋದರಲ್ಲಿದ್ದೆ! ಆ ಕೆಲಸಕ್ಕೇ ಅಂತ ಲೈಸೆನ್ಸ್ ಇಲ್ಲದವರು ನಳಿಕೆ ಮೊಟಕು ಮಾಡೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಠಾಣೆಗೆ ತಿಳಿಸಿ, ಲೈಸೆನ್ಸ್ ಇರೋ ರಿಪೇರಿ ಅಂಗಡಿಗೆ ಒಯ್ದೆ. ಅವರು ನಳಿಕೆ ತಿರುಗಿಸಿ ನೋಡಿ, ಇದು ಮುಗೀತು ಸ್ವಾಮಿ ಅಂದರು.

ಸದ್ಯಕ್ಕೆ ಹೊಲದ ಸುತ್ತ ಹಳೆ ಸೀರೆ ಕಟ್ಟಿದ್ದೇವೆ. ಹಂದಿ ಸ್ವಲ್ಪ ಹಿಂದೇಟು ಹಾಕುತ್ತಿವೆ. ಆ ಹುಳ ಮಾತ್ರ ನಿನ್ನೆ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬದ ತೂತಿಗೆ ಮಣ್ಣು ಮೆತ್ತುತ್ತಿತ್ತು.