ಮೀಟರಿಗೆ ನಾಲ್ಕು ಸ್ಟಾರ್, ಸ್ಟ್ರಿಪ್ ಡಬ್ಬಿಗೆ ಎರಡೇ

ಮನೆಯಲ್ಲೇ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರಿನ ಮಾತು ಇದು. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆಗಾಗಿ ಬಳಸಿದ್ದು 26ನೇ ವಾರದಿಂದ 39ನೇ ವಾರದ ತನಕ, ದಿನಕ್ಕೆ ನಾಲ್ಕು ಸಲ. ಕಂಪನಿಯ ಹೆಸರು ಬೇಡ. ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್‌ಗಳನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಮಾರುವ ಯಾವ ಗ್ಲುಕೋಮೀಟರಿಗಾದರೂ ಈ ಮಾತು ಸಲ್ಲುತ್ತದೆ. ಎಷ್ಟು ಸೆಕೆಂಡಿಗೆ ಉತ್ತರ ಬರುತ್ತದೆ, ಎಷ್ಟು ರೀಡಿಂಗ್ ನೆನಪಿಟ್ಟುಕೊಳ್ಳುತ್ತದೆ ಅನ್ನುವುದೆಲ್ಲ ಪೆಟ್ಟಿಗೆಯ ಮೇಲೇ ಬರೆದಿದೆ.

ಮೊದಲು ದುಡ್ಡು. ಮೀಟರ್ ಅಗ್ಗ, ಸುಲಿಯುವುದು ಸ್ಟ್ರಿಪ್. 13 ವಾರ ಅಂದರೆ 91 ದಿನ, ನಾಲ್ಕರಂತೆ 364 ಸ್ಟ್ರಿಪ್. ಒಂದಕ್ಕೆ 20 ರೂಪಾಯಿ ಹಿಡಿದರೆ 7,280 ರೂಪಾಯಿ. ರಕ್ತ ಸಾಲದೆ ಎರರ್ ಬಂದು ದಂಡವಾದವು ಇದರ ಮೇಲೆ. ಆದ್ದರಿಂದ ಅಂಗಡಿಯಲ್ಲಿ ಮೀಟರಿನ ಬೆಲೆ ಕೇಳುವ ಮೊದಲು 50ರ ಸ್ಟ್ರಿಪ್ ಡಬ್ಬಿಗೆ ಎಷ್ಟು ಅಂತ ಕೇಳಿ. ಮನೆ ಹತ್ತಿರದ ಮೆಡಿಕಲ್‌ನಲ್ಲಿ ಅದೇ ಸ್ಟ್ರಿಪ್ ಸದಾ ಇರುತ್ತದಾ ಅನ್ನುವುದನ್ನೂ ಕೇಳಿ. ಒಂದು ಮೀಟರಿನ ಸ್ಟ್ರಿಪ್ ಇನ್ನೊಂದಕ್ಕೆ ಆಗುವುದಿಲ್ಲ.

ಇನ್ನು ಆ ಡಬ್ಬಿ. ಸ್ಟ್ರಿಪ್‌ನ ತುದಿಯಲ್ಲಿ ಕಿಣ್ವದ ತೆಳುವಾದ ಲೇಪನ ಇರುತ್ತದೆ. ರಕ್ತದಲ್ಲಿನ ಗ್ಲುಕೋಸ್ ಅದಕ್ಕೆ ತಾಗಿದಾಗ ಹುಟ್ಟುವ ಚೂರು ಕರೆಂಟನ್ನು ಮೀಟರ್ ಅಳೆದು ಅಂಕಿ ಮಾಡಿ ತೋರಿಸುತ್ತದೆ. ಈ ಕಿಣ್ವಕ್ಕೆ ತೇವ ಆಗದು, ಸೆಕೆಯೂ ಆಗದು. ಅದಕ್ಕೇ ಡಬ್ಬಿಯ ಒಳಗೆ ತೇವ ಹೀರುವ ಪುಡಿ ಇಟ್ಟಿರುತ್ತಾರೆ. ಇಷ್ಟೆಲ್ಲ ಯೋಚಿಸಿದವರು ಡಬ್ಬಿಯ ಬಾಯಿಯನ್ನು ಮಾತ್ರ ಒಂದು ಬೆರಳೂ ನೆಟ್ಟಗೆ ಹೋಗದಷ್ಟು ಸಣ್ಣ ಮಾಡಿದ್ದಾರೆ. ಹೊಸ ಡಬ್ಬಿಯಲ್ಲಿ 50 ಸ್ಟ್ರಿಪ್ ಬಿಗಿಯಾಗಿ ಕೂತಿರುತ್ತವೆ. ಒಂದನ್ನು ಎಳೆದರೆ ಮೂರು ಬರುತ್ತವೆ, ಡಬ್ಬಿ ಬಗ್ಗಿಸಿದರೆ ಐದು ಟೇಬಲ್ ಮೇಲೆ. ಅವನ್ನು ಒದ್ದೆ ಕೈಯಲ್ಲೇ ಬಾಚಿ ಒಳಗೆ ತುರುಕಿದರೆ ಇಡೀ ಡಬ್ಬಿಯ ಲೆಕ್ಕ ಕೆಟ್ಟಂತೆ. ಹಾಳಾದ ಸ್ಟ್ರಿಪ್ ಯಾವಾಗಲೂ ಎರರ್ ತೋರಿಸುವುದಿಲ್ಲ, ಅದೇ ತೊಂದರೆ. ನಂಬುವಂಥದ್ದೇ ಒಂದು ತಪ್ಪು ಅಂಕಿ ತೋರಿಸಿ ಸುಮ್ಮನಾಗುತ್ತದೆ.

ಮಳೆಗಾಲದ ಮಂಗಳೂರು, ಉಡುಪಿ, ಶಿರಸಿ ಕಡೆಯ ಮನೆಗಳಲ್ಲಿ ಹಪ್ಪಳವೇ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಏನಾದೀತು, ಯೋಚಿಸಿ. ಬೆಳಗ್ಗೆಯೇ ದಿನದ ನಾಲ್ಕು ಸ್ಟ್ರಿಪ್ ತೆಗೆದು ತಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಣತನ ಬೇಡ. ಒಲೆಯ ಮೇಲಿನ ಶೆಲ್ಫು ಬೇಡ, ಫ್ರಿಜ್ಜೂ ಬೇಡ. ಬೀರುವಿನ ಒಳಗೆ, ಮುಚ್ಚಳ ‘ಟಕ್’ ಅನ್ನುವವರೆಗೆ ಒತ್ತಿ ಇಡಿ. ತೆರೆದ ತಾರೀಕನ್ನು ಬಾಲ್ ಪೆನ್ನಿನಲ್ಲಿ ಲೇಬಲ್ ಮೇಲೆ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಅನ್ನುವುದು ಡಬ್ಬಿಯ ಮೇಲಿರುತ್ತದೆ, ಬಹಳಷ್ಟಕ್ಕೆ 90 ದಿನ. ಬಳಸಿದ ಸ್ಟ್ರಿಪ್ಪನ್ನು ಅದೇ ಡಬ್ಬಿಗೆ ವಾಪಸು ಹಾಕುವವರೂ ಇದ್ದಾರೆ. ನಗಬೇಡಿ, ಬೆಳಗಿನ ಆರು ಗಂಟೆಗೆ ಅರೆನಿದ್ದೆಯಲ್ಲಿ ಯಾರ ಕೈಯಿಂದಲೂ ಆಗುವ ಕೆಲಸ ಅದು.

ಇನ್ನೊಂದು ಸಿಟ್ಟು ಕಂಟ್ರೋಲ್ ದ್ರಾವಣದ ಮೇಲೆ. ಡಬ್ಬಿ ಸರಿ ಇದೆಯಾ ಅಂತ ನೋಡಲು ಗ್ಲುಕೋಸ್ ಪ್ರಮಾಣ ಗೊತ್ತಿರುವ ಈ ದ್ರಾವಣದ ಒಂದು ಹನಿ ಹಾಕಬೇಕು, ಬಂದ ಅಂಕಿ ಲೇಬಲ್ ಮೇಲಿನ ವ್ಯಾಪ್ತಿಯೊಳಗೆ ಇರಬೇಕು. ಕೈಪಿಡಿಯಲ್ಲಿ ಪುಟಗಟ್ಟಲೆ ಬರೆದಿದ್ದಾರೆ, ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ಮೆಡಿಕಲ್‌ನಲ್ಲಿ ಕೇಳಿದರೆ ‘ಅದೇನದು?’ ಅನ್ನುತ್ತಾರೆ. ಅದಿಲ್ಲದಿದ್ದರೆ ಉಳಿಯುವ ದಾರಿ ಲ್ಯಾಬ್ ಜತೆ ತಾಳೆ ನೋಡುವುದು: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬ್‌ನಲ್ಲಿ ರಕ್ತ ಕೊಟ್ಟ ಐದು ನಿಮಿಷದೊಳಗೆ ಅಲ್ಲೇ ಬೆರಳು ಚುಚ್ಚಿ ಬರೆದಿಟ್ಟುಕೊಳ್ಳಿ. ಊಟದ ಮೇಲಿನ ರಕ್ತದಲ್ಲಿ ತಾಳೆ ನೋಡಬೇಡಿ, ಆಗ ಬೆರಳಿನ ರಕ್ತದ ಸಕ್ಕರೆ ತೋಳಿನ ರಕ್ತದ್ದಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ. ಲ್ಯಾಬಿನವರು ಬೂದು ಮುಚ್ಚಳದ ಟ್ಯೂಬ್ ಬಳಸಿದರಾ ಅಂತಲೂ ಗಮನಿಸಿ. ರಕ್ತಕಣಗಳು ಟ್ಯೂಬಿನೊಳಗೂ ಗ್ಲುಕೋಸ್ ತಿನ್ನುತ್ತಲೇ ಇರುತ್ತವೆ, ಅದಕ್ಕೆ ಕಡಿವಾಣ ಹಾಕುವ ರಾಸಾಯನಿಕ ಇರುವುದು ಬೂದು ಮುಚ್ಚಳದ್ದರಲ್ಲಿ. ಮಾದರಿ ಗಂಟೆಗಟ್ಟಲೆ ಕೂತರೆ ಲ್ಯಾಬ್ ಅಂಕಿಯೇ ಕೆಳಗಿಳಿದು, ತಪ್ಪು ಮೀಟರಿನ ತಲೆಗೆ ಬರುತ್ತದೆ.

ಒಂದು ಅಂಕಿಯ ಹಿಂದೆ ಎಷ್ಟು ಸಣ್ಣ ಕೆಲಸಗಳಿವೆ ಅನ್ನುವುದು ವಾರ ಕಳೆದ ಮೇಲೆ ತಿಳಿಯುತ್ತದೆ. ಕೈ ಸೋಪು ಹಾಕಿ ತೊಳೆಯಬೇಕು, ಆಮೇಲೆ ಪೂರ್ತಿ ಒರೆಸಬೇಕು. ಕಿತ್ತಳೆಯನ್ನೋ ಮಾವಿನ ಹಣ್ಣನ್ನೋ ಸುಲಿದ ಬೆರಳಿನಲ್ಲಿ ಹಾಗೇ ನೋಡಿದರೆ ಅಂಕಿ ಎಲ್ಲಿಗೋ ಜಿಗಿಯುತ್ತದೆ, ಅದು ರಕ್ತದ ಸಕ್ಕರೆಯಲ್ಲ, ಹಣ್ಣಿನದು. ಸ್ಯಾನಿಟೈಸರ್ ಹಚ್ಚಿದರೆ ಸಿಪ್ಪೆಯ ಸಕ್ಕರೆ ಹೋಗುವುದಿಲ್ಲ. ಅದು ಆರುವ ಮೊದಲು ಚುಚ್ಚಿದರೆ ಹನಿ ಹರಡಿಹೋಗುತ್ತದೆ. ಚುಚ್ಚುವುದು ಬೆರಳ ತುದಿಯ ಪಕ್ಕಕ್ಕೆ. ನಡುವಿನ ದಿಂಡಿಗೆ ಚುಚ್ಚಿದರೆ ತರಕಾರಿ ಹೆಚ್ಚುವಾಗೆಲ್ಲ ನೋಯುತ್ತದೆ. ಚುಚ್ಚುವ ಪೆನ್ನಿನ ಆಳ ಎರಡರಿಂದ ಶುರು ಮಾಡಿ, ರಕ್ತ ಬರದಿದ್ದರೆ ಮಾತ್ರ ಮೂರು. ಕೈ ತಣ್ಣಗಿದ್ದರೆ ಚುಚ್ಚುವ ಮುಂಚೆ ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಿ. ಮೊದಲ ಹನಿ ಹತ್ತಿಯಲ್ಲಿ ಒರೆಸಿ, ಎರಡನೆಯದನ್ನು ಸ್ಟ್ರಿಪ್‌ನ ಅಂಚಿಗೆ ಮುಟ್ಟಿಸಿ, ಅದೇ ಎಳೆದುಕೊಳ್ಳುತ್ತದೆ. ಬೆರಳನ್ನು ಹಿಂಡಬೇಡಿ, ಹಿಂಡಿದರೆ ರಕ್ತದ ಜತೆ ಅಂಗಾಂಶದ ನೀರೂ ಬೆರೆತು ಅಂಕಿ ಏರುಪೇರಾಗುತ್ತದೆ. ಬೆರಳು ಬದಲಿಸುತ್ತಿರಿ, ಹೆಬ್ಬೆರಳನ್ನು ಬಿಡಿ, ಅದಕ್ಕೆ ಬೇರೆ ಕೆಲಸ ಸಾಕಷ್ಟಿದೆ.

ಟೈಮಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ಹೆಚ್ಚು. ತಿಂದ ಮೇಲಿನ ರೀಡಿಂಗಿಗೆ ಎರಡು ಗಂಟೆ ಎಣಿಸಬೇಕಾದ್ದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದ ಅಲ್ಲ. 8.10ಕ್ಕೆ ತಿಂಡಿಗೆ ಕೂತರೆ 10.10ಕ್ಕೆ ಅಲಾರಂ. ನಡುವೆ ಒಂದು ಲೋಟ ಕಾಫಿ, ಯಾರೋ ಕೊಟ್ಟ ಎರಡು ಬಿಸ್ಕತ್ತು ಹೊಟ್ಟೆಗೆ ಹೋದರೆ ಆ ರೀಡಿಂಗ್ ತಿಂಡಿಯದ್ದಲ್ಲ. ಸಾಮಾನ್ಯವಾಗಿ ಹೇಳುವ ಗುರಿ, ನಮ್ಮ ಮೀಟರುಗಳ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ: ಖಾಲಿ ಹೊಟ್ಟೆಗೆ 95ರ ಕೆಳಗೆ, ಒಂದು ಗಂಟೆಗೆ 140ರ ಕೆಳಗೆ, ಎರಡು ಗಂಟೆಗೆ 120ರ ಕೆಳಗೆ. ಒಂದು ಗಂಟೆಯದ್ದು ನೋಡಬೇಕಾ ಎರಡು ಗಂಟೆಯದ್ದಾ ಅಂತ ಡಾಕ್ಟರನ್ನು ಮೊದಲೇ ಕೇಳಿ, ಎರಡನ್ನೂ ಬೆರೆಸಬೇಡಿ. ಲಂಡನ್ನಿನಿಂದ ನೆಂಟರು ತಂದುಕೊಟ್ಟ ಮೀಟರಾದರೆ ಅದು ಬೇರೆ ಅಳತೆಯಲ್ಲಿ (ಮಿಲಿಮೋಲ್/ಲೀಟರ್) 5.3, 7.8 ಅಂತ ತೋರಿಸುತ್ತದೆ. 18ರಿಂದ ಗುಣಿಸಿದರೆ ನಮ್ಮ 95, 140 ಬರುತ್ತದೆ.

ಈ ಮೀಟರ್ ಕಾಯಿಲೆ ಇದೆಯೋ ಇಲ್ಲವೋ ತೀರ್ಮಾನಿಸುವ ಮನೆ ಸಾಮಾನಲ್ಲ. ಅದಕ್ಕೆ ಆಸ್ಪತ್ರೆಯ ಪರೀಕ್ಷೆ ಇದೆ. ಸರ್ಕಾರಿ ಪದ್ಧತಿಯಲ್ಲಿ ಮೊದಲ ಭೇಟಿಯಲ್ಲಿ ಒಂದು ಸಲ, 24ರಿಂದ 28ನೇ ವಾರದೊಳಗೆ ಇನ್ನೊಂದು ಸಲ, ಹೊಟ್ಟೆ ಖಾಲಿ ಇರಲಿ ಬಿಡಲಿ 75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕದಡಿ ಕೊಡುತ್ತಾರೆ. 5ರಿಂದ 10 ನಿಮಿಷದಲ್ಲಿ ಕುಡಿದು ಮುಗಿಸಬೇಕು. ಎರಡು ಗಂಟೆಯ ಬಳಿಕ 140 ಅಥವಾ ಮೇಲೆ ಬಂದರೆ ಜಿಡಿಎಂ, ಅಂದರೆ ಬಸಿರಿನ ಸಕ್ಕರೆ ಕಾಯಿಲೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು, ಆಮೇಲೆ ಆದರೆ ಪರೀಕ್ಷೆ ಮುಂದುವರಿಯುತ್ತದೆ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಬಸಿರಿನ ಸಕ್ಕರೆ ಕಾಯಿಲೆಯ ಅಧ್ಯಯನಕ್ಕಿರುವ ಡಿಪ್ಸಿ ಸಂಘಟನೆ ಬೆಳೆಸಿದ ಪದ್ಧತಿ ಇದು. ಉಪವಾಸವಿದ್ದು ಮತ್ತೊಮ್ಮೆ ಬಸ್ ಹತ್ತಿ ಬಾ ಅಂದರೆ ಬಾರದೇ ಇರುವ ಹಳ್ಳಿಯ ಬಸುರಿಯರನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಖಾಲಿ ಹೊಟ್ಟೆ 92, ಒಂದು ಗಂಟೆ 180, ಎರಡು ಗಂಟೆ 153 ಅನ್ನುವ ಅಳತೆ; ಮೂರರಲ್ಲಿ ಒಂದು ಮುಟ್ಟಿದರೂ ಸಾಕು. ಎರಡು ಕಡೆ ತೋರಿಸಿ ಎರಡು ಉತ್ತರ ಬಂದರೆ ಲ್ಯಾಬನ್ನು ಬೈಯಬೇಕಿಲ್ಲ, ಅಳತೆಗೋಲೇ ಬೇರೆ.

ಮೀಟರ್ ‘121’ ಅಂತ ಅಷ್ಟು ಖಡಾಖಂಡಿತವಾಗಿ ತೋರಿಸುವುದು ನನಗೆ ಹಿಡಿಸುವುದಿಲ್ಲ. ಮೀಟರುಗಳ ನಿಖರತೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 15197ರ 2013ರ ನಿಯಮದಂತೆ 100 ಮತ್ತು ಅದಕ್ಕೂ ಮೇಲಿನ ಅಂಕಿ ಶೇ 15ರಷ್ಟು, 100ರ ಕೆಳಗಿನದು 15 ಅಂಕಿಯಷ್ಟು ಆಚೀಚೆ ಇದ್ದರೂ ಮೀಟರ್ ಪಾಸು. ಅಂದರೆ ನಿಜವಾದದ್ದು 120 ಇದ್ದಾಗ 102 ತೋರಿಸಿದರೂ ಸರಿ, 138 ತೋರಿಸಿದರೂ ಸರಿ. 119 ಬಂದರೆ ಖುಷಿ, 121 ಬಂದರೆ ಕಣ್ಣೀರು ಅನ್ನುವುದಕ್ಕೆ ಅರ್ಥವೇ ಇಲ್ಲ. ಒಂದು ರೀಡಿಂಗ್ ಬಿಡಿ, ವಾರದ ಸಾಲು ನೋಡಿ. ರಕ್ತಹೀನತೆ ಇದ್ದರೆ ಇನ್ನೂ ಹುಷಾರಾಗಿರಿ: ಕೆಂಪು ಕಣ ಕಡಿಮೆಯಿದ್ದಾಗ ಬಹಳಷ್ಟು ಸ್ಟ್ರಿಪ್‌ಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಸ್ಟ್ರಿಪ್‌ನ ಚೀಟಿಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ವ್ಯಾಪ್ತಿ ಎಷ್ಟು ಬರೆದಿದೆ ಅಂತ ಓದಿ, ನಿಮ್ಮ ರಕ್ತಪರೀಕ್ಷೆಯ ಚೀಟಿಯ ಪಕ್ಕ ಇಟ್ಟು ನೋಡಿ.

ಇಷ್ಟು ಬೈದ ಮೇಲೂ ನಾಲ್ಕು ಸ್ಟಾರ್ ಯಾಕೆ? ತಟ್ಟೆಯ ಬಗ್ಗೆ ಊರೆಲ್ಲ ಹೇಳುವ ಬುದ್ಧಿಮಾತಿಗೆ ಇದರ ಹತ್ತಿರ ಉತ್ತರ ಇದೆ, ಅದಕ್ಕೆ. ‘ರಾಗಿ ತಿನ್ನಮ್ಮ, ಶುಗರ್ ಇಳಿಯುತ್ತೆ’ ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ರಾಗಿ ಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಾರು ಹೆಚ್ಚು, ಅದು ನಿಜ. ಆದರೆ ನುಣ್ಣಗಿನ ಹಿಟ್ಟನ್ನು ತೆಳ್ಳಗೆ ಗಂಜಿ ಕಾಸಿ ಬೆಲ್ಲ ಹಾಕಿ ಗಟಗಟ ಕುಡಿದರೆ ಹೊಟ್ಟೆಯಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಅದೇ ರಾಗಿಯ ನಿಂಬೆಗಾತ್ರಕ್ಕಿಂತ ತುಸು ದೊಡ್ಡ ಮುದ್ದೆ, ಮೊದಲು ಒಂದು ಬಟ್ಟಲು ಹೆಸರುಕಾಳಿನ ಕೋಸಂಬರಿ, ಜತೆಗೆ ಹುರುಳಿ ಬಸ್ಸಾರು, ಪಲ್ಯ ಆದರೆ ಮೀಟರ್ ಬೇರೆ ಕಥೆ ಹೇಳುತ್ತದೆ. ಬೆಲ್ಲ ಸಕ್ಕರೆಯ ಅಣ್ಣತಮ್ಮನೇ ಅನ್ನುವುದನ್ನೂ ಅತ್ತೆಗೆ ಮೀಟರೇ ತೋರಿಸಲಿ, ನೀವು ವಾದ ಮಾಡಬೇಡಿ.

ಹೀಗೆ ನೋಡಲು ಒಂದು ಶಿಸ್ತು ಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ದಿನ ಮೂರು ಇಡ್ಲಿ, ಚಟ್ನಿ. ಮುಂದಿನ ಮೂರು ದಿನ ಎರಡೇ ಇಡ್ಲಿ, ಮೊದಲು ಒಂದು ಬಟ್ಟಲು ಕಾಳು ಪಲ್ಯ. ಆಮೇಲೆ ಅದೇ ತಿಂಡಿಯ ಬಳಿಕ 15 ನಿಮಿಷ ಮನೆಯೊಳಗೇ ನಡಿಗೆ. ಮೀಟರಿನ ತಪ್ಪಿಗಿಂತ ದೊಡ್ಡ ವ್ಯತ್ಯಾಸ ಮೂರೂ ದಿನ ಕಂಡರೆ ನಂಬಿ. ಹೆಚ್ಚಿನವರಿಗೆ ಕಷ್ಟ ಕೊಡುವುದು ಬೆಳಗಿನ ತಿಂಡಿ. ಬೆಳಗ್ಗೆ ಏರುವ ಹಾರ್ಮೋನುಗಳು ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತವೆ. ಮಧ್ಯಾಹ್ನ ದಕ್ಕುವ ಅನ್ನ ಬೆಳಗ್ಗೆ ಚಿತ್ರಾನ್ನವಾಗಿ ದಕ್ಕದೇ ಇರಬಹುದು.

ಖಾಲಿ ಹೊಟ್ಟೆಯ ಅಂಕಿ ಮಾತ್ರ ಈ ಆಟಕ್ಕೆ ಬಗ್ಗುವುದಿಲ್ಲ. ರಾತ್ರಿ ಊಟ ಬಿಟ್ಟರೆ ಇಳಿಯುತ್ತದೆ ಅಂತ ಉಪವಾಸ ಮಲಗಬೇಡಿ. ಸಕ್ಕರೆ ರಾತ್ರಿ ಬರುವುದು ಲಿವರ್‌ನಿಂದ, ಉಪವಾಸದಿಂದ ಮೈಯಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ವಸ್ತು) ಹೆಚ್ಚುತ್ತದೆ ಅಷ್ಟೆ. ಎರಡು ವಾರ ಊಟದಲ್ಲೇ ಸರಿಪಡಿಸಲು ನೋಡಿ ಆಗದಿದ್ದರೆ ಡಾಕ್ಟರು ಮೆಟ್‌ಫಾರ್ಮಿನ್ ಮಾತ್ರೆ ಇಲ್ಲವೇ ಇನ್ಸುಲಿನ್ ಬರೆಯುತ್ತಾರೆ. ಇನ್ಸುಲಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ. ಸಿರಿಂಜಿನ ಮುಚ್ಚಳದ ಬಣ್ಣ ನೋಡದೆ ಕೊಳ್ಳಬೇಡಿ: ಮಿಲಿಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು, ಮಿಲಿಗೆ 100 ಯೂನಿಟ್ ಇರುವ ಬಾಟಲಿಗೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಬೆವರು, ನಡುಕ, 70ಕ್ಕಿಂತ ಕಡಿಮೆ ರೀಡಿಂಗ್ ಬಂದರೆ ಮೂರು ಚಮಚ ಗ್ಲುಕೋಸ್ ಪುಡಿ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ನೋಡುವ ಮುಂಚೆ ಕೈ ತೊಳೆಯಿರಿ, ಬೆರಳಿಗೆ ಗ್ಲುಕೋಸ್ ಪುಡಿ ಮೆತ್ತಿರುತ್ತದೆ.

ಅವಧಿಗೆ ಮುಂಚೆ ಹೆರಿಗೆಯಾಗುವ ಭಯವಿದ್ದು ಮಗುವಿನ ಶ್ವಾಸಕೋಶಕ್ಕೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ದಿನ ಅಂಕಿ ಧಿಡೀರನೆ ಮೇಲೆ ಹೋಗುತ್ತದೆ. ಆಗ ಸ್ಟ್ರಿಪ್ ಬದಲಿಸುತ್ತಾ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕೊನೆಯ ವಾರಗಳಲ್ಲಿ ಇದ್ದಕ್ಕಿದ್ದಂತೆ ಕೆಳಗಿಳಿಯತೊಡಗಿದರೂ ಅಷ್ಟೇ.

ಮಾವನವರ ಶುಗರ್ ಮೀಟರೇ ಮನೆಯಲ್ಲಿದೆಯಲ್ಲ, ಬೇರೆ ಯಾಕೆ ಅನ್ನುವವರಿಗೆ: ಚುಚ್ಚುವ ಪೆನ್ ಹಂಚಿಕೊಳ್ಳುವಂತಿಲ್ಲ, ಸೂಜಿ ಬದಲಿಸಿದರೂ. ಹೆಪಟೈಟಿಸ್ ಬಿ ಹರಡುವ ದಾರಿ ಅದು. ಮೆಮೊರಿಯಲ್ಲಿ ಅವರ 210 ನಿಮ್ಮದರ ಜತೆ ಬೆರೆತರೆ ಡಾಕ್ಟರು ಗಾಬರಿಯಾಗುವುದು ಬೇರೆ. ಬ್ಯಾಟರಿ ಬದಲಿಸಿದಾಗ ಗಡಿಯಾರ ತಪ್ಪಾಗಿರುತ್ತದೆ, ತಾರೀಕು ಹಾಕಿ. ನೋಟ್‌ಬುಕ್ಕೊಂದರಲ್ಲಿ ತಟ್ಟೆಯಲ್ಲಿದ್ದದ್ದನ್ನೂ ಸೇರಿಸಿ ಬರೆದು ತಾಯಿ ಕಾರ್ಡಿನ ಜತೆ ಇಟ್ಟುಕೊಂಡರೆ ಆ್ಯಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಳಸಿದ ಸೂಜಿಗಳು ದಪ್ಪ ಪ್ಲಾಸ್ಟಿಕ್ ಬಾಟಲಿಗೆ, ಮುಚ್ಚಳ ಬಿಗಿದು. ಕಸ ಆಯುವವರ ಕೈಗೆ ಚುಚ್ಚಬಾರದು.

ಕೊನೆಯ ಡಬ್ಬಿ ಕೊಳ್ಳುವಾಗ 50ರದ್ದು ಬೇಡ, 25ರದ್ದು ಕೇಳಿ. ಹೆರಿಗೆಯಾದ ಮೇಲೆ ದಿನಕ್ಕೆ ನಾಲ್ಕು ಸಲ ಯಾರೂ ನೋಡಲು ಹೇಳುವುದಿಲ್ಲ; ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲುಕೋಸ್ ಪರೀಕ್ಷೆ ಇರುತ್ತದೆ, ಅದು ಆಸ್ಪತ್ರೆಯಲ್ಲೇ. ಉಳಿದ ಸ್ಟ್ರಿಪ್ ಬಾಣಂತನದ ಬಿಸಿನೀರಿನ ಆವಿ ಕುಡಿಯುತ್ತಾ ಬಚ್ಚಲುಮನೆ ಪಕ್ಕದ ಕಪಾಟಿನಲ್ಲಿ ಕೂರುತ್ತದೆ, ಲೇಬಲ್ ಮೇಲಿನ ತಾರೀಕು ದಾಟಿರುತ್ತದೆ.