ದಿನಾ ಹಚ್ಚೋಕೆ ಹಗುರ ಫೌಂಡೇಶನ್: ಮ್ಯಾಟ್ ಒಳ್ಳೆಯದಾ, ಡ್ಯೂಯಿ ಒಳ್ಳೆಯದಾ?

ಮೇಬಲಿನ್ ಕಂಪನಿಯ ಫಿಟ್ ಮಿ ಫೌಂಡೇಶನ್‌ನಲ್ಲಿ (ಮುಖದ ಬಣ್ಣ ಸಮ ಕಾಣಿಸಲು ಹಚ್ಚುವ ಮೇಕಪ್) ಮುಖ್ಯವಾಗಿ ಎರಡು ಬಗೆ: ಹೊಳಪಿಲ್ಲದ ಮ್ಯಾಟ್, ತುಸು ಹೊಳೆಯುವ ಡ್ಯೂಯಿ. ಮ್ಯಾಟ್ ಪ್ಲಸ್ ಪೋರ್‌ಲೆಸ್ ಎಣ್ಣೆ ಚರ್ಮಕ್ಕೆ, ಡ್ಯೂಯಿ ಪ್ಲಸ್ ಸ್ಮೂತ್ ಒಣ ಚರ್ಮಕ್ಕೆ. ಮಂಗಳೂರಿನ ಸೆಕೆಗೆ ನನ್ನ ಆಯ್ಕೆ ಮ್ಯಾಟ್. ಬೇಗ ಒಣಗುತ್ತದೆ, ಹಾಗಾಗಿ ಒಂದೊಂದೇ ಕೆನ್ನೆಗೆ ಹಚ್ಚಿ ಒದ್ದೆ ಸ್ಪಂಜಿನಲ್ಲಿ ತಟ್ಟಿ. ಚಳಿಗೆ ಚರ್ಮ ಬಿರಿಯುವವರು ಡ್ಯೂಯಿ ತಗೊಳ್ಳಿ. ಒಣ ಮುಖಕ್ಕೆ ಯಾವ ಮ್ಯಾಟ್ ಹಚ್ಚಿದರೂ ಬಾಯಿಯ ಸುತ್ತ ಬಿಳಿ ಸಿಪ್ಪೆ ಎದ್ದು ಕಾಣುತ್ತದೆ, ಅಲ್ವಾ? ಕಲೆ ಕಮ್ಮಿಯಿದ್ದರೆ ಸಿಸಿ ಕ್ರೀಮೇ (ಮುಖದ ಬಣ್ಣ ಸರಿಪಡಿಸುವ ಹಗುರ ಕ್ರೀಮ್) ಸಾಕು, ಆದರೆ ಅದರಲ್ಲಿ ಶೇಡ್‌ಗಳು ಕಡಿಮೆ.

ಶೇಡನ್ನು ಮಾತ್ರ ಕೈ ಮೇಲೆ ನೋಡಬೇಡಿ. ನಾನೊಮ್ಮೆ ಅಂಗಡಿಯ ಟ್ಯೂಬ್‌ಲೈಟಲ್ಲಿ ಆರಿಸಿ ತಂದೆ. ಮನೆಯಲ್ಲಿ ನೋಡಿದರೆ ಮುಖ ಬೂದು, ಕತ್ತು ಬೇರೆ ಬಣ್ಣ! ದವಡೆಗೆ ಗೆರೆ ಎಳೆದು, ಹತ್ತು ನಿಮಿಷ ಬಿಟ್ಟು, ಹೊರಗೆ ಬಿಸಿಲಲ್ಲಿ ನೋಡಿ. ಗೆರೆ ಎಲ್ಲಿದೆ ಅಂತ ಹುಡುಕಬೇಕಾದರೆ ಅದೇ ನಿಮ್ಮ ಶೇಡ್.