ಬಳ್ಳಿ ತರಕಾರಿಗೆ ಮೋಹಕ ಬಲೆ: ಜೇನನ್ನು ಉಳಿಸಿಕೊಂಡು ಹಣ್ಣುನೊಣವನ್ನು ಹಿಡಿಯುವ ಸಾಧನ

ಉಡುಪಿಯ ಸುತ್ತಮುತ್ತ ಸೌತೆ, ಹಾಗಲ, ಹೀರೆ, ಕುಂಬಳ ಬೆಳೆಯುವವರು ಈ ಸಲ ಒಂದೇ ಒಂದು ಹೊಸ ಸಾಧನಕ್ಕೆ ಹಣ ಹಾಕುವುದಾದರೆ ಅದು ಹಣ್ಣುನೊಣದ ಮೋಹಕ ಬಲೆಯಾಗಲಿ ಎಂದು ಒತ್ತಿ ಹೇಳುತ್ತೇನೆ. ಏಣೇಲು, ಅಂದರೆ ಮಳೆಗಾಲದ ಭತ್ತ, ಕೊಯ್ಲಾದ ಗದ್ದೆಯಲ್ಲಿ ಸೌತೆ ಹಾಕಿ, ಮನೆಯ ಬದಿಯ ಚಪ್ಪರಕ್ಕೆ ಹಾಗಲ ಹಬ್ಬಿಸಿ, ಅದೇ ಹಿತ್ತಲಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳನ್ನೂ ಇಟ್ಟುಕೊಂಡಿರುವ ಕೃಷಿಕನಾಗಿ ಈ ಬಲೆಯನ್ನು ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಕೊರತೆಗಳಿವೆ, ಅವುಗಳನ್ನೂ ಹೇಳುತ್ತೇನೆ.

ಮೊದಲು ನೊಣದ ವಿಚಾರ. ಹೆಣ್ಣುನೊಣ ಎಳೆಮಿಡಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಹುಳು ತಿರುಳಿನೊಳಗೇ ಬೆಳೆದು, ಕಾಯಿ ಕೊಳೆತು ಬಿದ್ದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ. ಬಳ್ಳಿಯ ಮೇಲೆ ಮದ್ದು ಬಿಟ್ಟರೆ ಅದು ಕಾಯಿಯೊಳಗಿನ ಹುಳುವಿಗೂ ಮಣ್ಣಿನೊಳಗಿನ ಕೋಶಕ್ಕೂ ಸರಿಯಾಗಿ ತಲುಪುವುದಿಲ್ಲ, ಆದರೆ ಹೂವಿಗೆ ಮಾತ್ರ ಖಂಡಿತ ತಲುಪುತ್ತದೆ. ಸೌತೆ, ಕುಂಬಳ, ಹಾಗಲದ ಹೂವುಗಳು ಬೆಳಗಿನ ಜಾವ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ. ನಮ್ಮಲ್ಲಿ ಬಿಸಿಲೇರುವ ಮೊದಲೇ ಮದ್ದಿನ ಕೆಲಸ ಮುಗಿಸಿಬಿಡುವ ರೂಢಿಯಿರುವುದರಿಂದ, ತುಡುವೆ ಮತ್ತು ಮುಜಂಟಿ ಜೇನುಗಳು ಹೂವಿನಿಂದ ಹೂವಿಗೆ ಓಡಾಡುತ್ತಿರುವ ಹೊತ್ತಿನಲ್ಲೇ ವಿಷವೂ ಅದೇ ಹೂವಿನ ಮೇಲೆ ಬೀಳುತ್ತದೆ.

ಈ ಜಾತಿಯ ಬಳ್ಳಿಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ಭಾರವೂ ಅಂಟೂ ಆಗಿರುವುದರಿಂದ ಗಾಳಿಯಲ್ಲಿ ಹಾರಿ ಹೋಗುವಂಥದಲ್ಲ. ಕೀಟವೊಂದು ಹೊತ್ತು ತಂದರೆ ಮಾತ್ರ ಮಿಡಿ ಕಚ್ಚುತ್ತದೆ. ಹೆಣ್ಣು ಹೂವಿಗೆ ಜೇನು ಒಮ್ಮೆ ಬಂದುಹೋದರೆ ಸಾಲದು, ಹಲವು ಸಲ ಬರಬೇಕು. ಪರಾಗ ಸಾಕಷ್ಟು ಸಿಗದಿದ್ದರೆ ಕಾಯಿ ಒಂದು ತುದಿಯಲ್ಲಿ ಸೊರಗಿ ಸೊಟ್ಟಗಾಗುತ್ತದೆ, ಸಿಗದೇ ಹೋದರೆ ಮಿಡಿ ಹಳದಿಯಾಗಿ ಉದುರುತ್ತದೆ. ಉದುರಿದ ಮಿಡಿಯನ್ನು ಕಂಡವರು ಇದು ರೋಗವೆಂದೋ ನೊಣದ ಕಾಟವೆಂದೋ ತಿಳಿದು ಇನ್ನೊಂದು ಸುತ್ತು ಮದ್ದು ಬಿಡುತ್ತಾರೆ; ಅಳಿದುಳಿದ ಜೇನೂ ಹೋಗುತ್ತದೆ, ಮಿಡಿ ಇನ್ನಷ್ಟು ಉದುರುತ್ತದೆ. ನನ್ನ ನೆರೆಕರೆಯ ಗದ್ದೆಗಳಲ್ಲಿ ಇದನ್ನು ಕಂಡು ಸಂಕಟಪಟ್ಟಿದ್ದೇನೆ. ಚುಚ್ಚಿದ ಕಾಯಿಯನ್ನು ಗುರುತಿಸುವುದು ಕಷ್ಟವೇನೂ ಅಲ್ಲ: ಸಿಪ್ಪೆಯ ಮೇಲೆ ಸಣ್ಣ ರಂಧ್ರವಿದ್ದು ಅದರಿಂದ ಅಂಟು ಒಸರಿರುತ್ತದೆ, ಸೀಳಿದರೆ ಬಿಳಿ ಹುಳು ಕಾಣುತ್ತದೆ. ಹುಳುವೂ ಗಾಯವೂ ಇಲ್ಲದೆ ಹಳದಿಯಾದ ಮಿಡಿಯನ್ನು ಕಂಡರೆ, ಆ ಬೆಳಿಗ್ಗೆ ಹೂವಿಗೆ ಜೇನು ಬರುತ್ತಿದೆಯೇ ಎಂದು ಮೊದಲು ನೋಡಬೇಕು.

ಬಲೆಯ ರಚನೆ ಸರಳವಾಗಿದೆ. ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಬದಿಯಲ್ಲಿ ನೊಣ ನುಗ್ಗುವಷ್ಟು ತೂತುಗಳು, ಒಳಗೆ ತಂತಿಗೆ ಕಟ್ಟಿದ ಪ್ಲೈವುಡ್ ತುಂಡು. ತುಂಡಿನಲ್ಲಿ ಹೀರಿಸಿರುವ ಕ್ಯೂ-ಲ್ಯೂರ್ ಎಂಬ ರಾಸಾಯನಿಕದ ವಾಸನೆಗೆ ಬಳ್ಳಿ ತರಕಾರಿಯ ಗಂಡುನೊಣಗಳು ಮರುಳಾಗಿ ಬರುತ್ತವೆ ಮತ್ತು ಅದೇ ತುಂಡಿನಲ್ಲಿರುವ ಅಲ್ಪ ಕೀಟನಾಶಕದಿಂದ ಡಬ್ಬಿಯೊಳಗೇ ಸಾಯುತ್ತವೆ. ವಿಷ ಇಲ್ಲಿಯೂ ಇದೆ, ಆದರೆ ಅದು ಡಬ್ಬಿಯೊಳಗೆ ಉಳಿಯುತ್ತದೆ. ಹೂ, ಎಲೆ, ಬಾವಿಯ ನೀರು ಯಾವುದಕ್ಕೂ ತಾಗುವುದಿಲ್ಲ. ನಾನು ಡಬ್ಬಿಗಳನ್ನು ತೆರೆದು ಸುರಿದಾಗಲೆಲ್ಲ ನೊಣಗಳೇ ರಾಶಿಯಾಗಿ ಬಿದ್ದಿವೆ, ತುಡುವೆಯಾಗಲಿ ಮುಜಂಟಿಯಾಗಲಿ ಸಿಕ್ಕಿಲ್ಲ. ಅಂಗಡಿಗಳಲ್ಲಿ ಇದರ ಜೊತೆಗೇ ಮಾರುವ ಹಳದಿ ಅಂಟು ಹಾಳೆಗಳ ಬಗ್ಗೆ ಈ ಮಾತು ಹೇಳಲಾರೆ. ಹೂವಿನ ಹತ್ತಿರ ತೂಗಿಸಿದ ಹಾಳೆಗೆ ಮುಜಂಟಿಗಳು ಅಂಟಿಕೊಂಡು ಒದ್ದಾಡುವುದನ್ನು ಕಂಡ ಮೇಲೆ ಅವನ್ನು ಚಪ್ಪರದಿಂದ ತೆಗೆದಿದ್ದೇನೆ. ಗೆರಟೆಯಲ್ಲಿ ಬೆಲ್ಲದ ನೀರಿಗೆ ಕೀಟನಾಶಕ ಬೆರೆಸಿ ಇಡುವ ಪದ್ಧತಿಯನ್ನೂ ಬಿಡುವುದು ಒಳ್ಳೆಯದು, ಏಕೆಂದರೆ ಬೆಲ್ಲದ ಸಿಹಿ ಜೇನನ್ನೂ ಕರೆಯುತ್ತದೆ.

ಫಲಿತಾಂಶದ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ್ದು ಇದು: ಬಲೆಯೊಂದೇ ಸಾಲದು. ಅದು ಹಿಡಿಯುವುದು ಗಂಡುನೊಣವನ್ನು, ಕಾಯಿಯನ್ನು ಚುಚ್ಚುವುದು ಹೆಣ್ಣುನೊಣ. ಗಂಡುಗಳ ಸಂಖ್ಯೆ ತೀರಾ ಇಳಿದಾಗ ಮಾತ್ರ ಹೆಣ್ಣುಗಳಿಗೆ ಜೋಡಿ ಸಿಗದೆ ಮುಂದಿನ ಪೀಳಿಗೆ ಕಡಿಮೆಯಾಗುತ್ತದೆ. ಆದ್ದರಿಂದ ಹೂ ಬಿಡುವ ಮೊದಲೇ ಬಲೆ ಕಟ್ಟಿರಬೇಕು, ಎಕರೆಗೆ 6ರಿಂದ 10 ಬಲೆಗಳಾದರೂ ಬೇಕು, ಬಿದ್ದ ಮತ್ತು ಚುಚ್ಚಿದ ಕಾಯಿಗಳನ್ನು ಆಗಾಗ ಆರಿಸಿ ಆಳವಾಗಿ ಹೂಳಬೇಕು. ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಯ ಮೇಲೆ ಎಸೆದರೆ ನೊಣದ ಮರಿಗಳನ್ನು ನಾವೇ ಸಾಕಿದಂತಾಗುತ್ತದೆ. ಬೈಲಿನಲ್ಲಿ ಒಬ್ಬರು ಮಾತ್ರ ಬಲೆ ಹಾಕಿ ಉಳಿದವರು ಸುಮ್ಮನಿದ್ದರೆ ಪಕ್ಕದ ಗದ್ದೆಯಿಂದ ಜೋಡಿಯಾದ ಹೆಣ್ಣುನೊಣಗಳು ಬಂದೇ ಬರುತ್ತವೆ. ನೆರೆಕರೆಯ ಕೃಷಿಕರೊಡನೆ ಮಾತಾಡಿ ಒಟ್ಟಿಗೇ ತಂದು ಕಟ್ಟಿದಾಗ ನನ್ನ ಗದ್ದೆಯಲ್ಲಿ ಹುಳುಕು ಕಾಯಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಹೂವಿರುವ ತಿಂಗಳುಗಳಲ್ಲಿ ಸೌತೆಗೆ ಮದ್ದು ಬಿಡುವುದನ್ನು ನಾನು ಪೂರ್ತಿ ನಿಲ್ಲಿಸಲು ಸಾಧ್ಯವಾದದ್ದು ಆ ಬಳಿಕವೇ. ಈಗ ಬೆಳಗಿನ ಹೊತ್ತು ಸೌತೆ ಹೂವುಗಳಲ್ಲಿ ಜೇನು ನಿರಾತಂಕವಾಗಿ ಓಡಾಡುತ್ತಿದೆ, ಕಾಯಿಗಳು ತುದಿಯಿಂದ ತುದಿಗೆ ತುಂಬಿ ನೇರವಾಗಿ ಬಂದಿವೆ. ಬಾಳೆನಾರಿನಲ್ಲಿ ಕಟ್ಟಿ ಅಟ್ಟದಡಿ ತೂಗುಹಾಕಿ ಮಳೆಗಾಲಕ್ಕೆ ಇಟ್ಟುಕೊಳ್ಳುವವರಿಗೆ ಗಾಯವಿಲ್ಲದ ಕಾಯಿಯ ಬೆಲೆ ಗೊತ್ತು.

ಕೊರತೆಗಳಲ್ಲಿ ದೊಡ್ಡದು ಪೊಟ್ಟಣದ ಮೇಲಿನ ಬರಹ. ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ-ಲ್ಯೂರ್ ಬೇಕು, ಮಾವು ಮತ್ತು ಪೇರಳೆಯ ನೊಣಕ್ಕೆ ಮಿಥೈಲ್ ಯೂಜಿನಾಲ್ ಬೇಕು. ಎರಡನೆಯದು ನಮ್ಮ ಅಂಗಳದ ತುಳಸಿಯಲ್ಲೂ ಇರುವ ವಸ್ತು. ಎರಡಕ್ಕೂ ಡಬ್ಬಿ ಒಂದೇ ರೀತಿಯದು, ವ್ಯತ್ಯಾಸವಿರುವುದು ಒಳಗಿನ ತುಂಡಿನಲ್ಲಿ ಮಾತ್ರ. ನಾನು ತಂದ ಪೊಟ್ಟಣದಲ್ಲಿ ಈ ವಿವರ ಇಂಗ್ಲಿಷಿನಲ್ಲಿ, ಅದೂ ಸಣ್ಣ ಅಕ್ಷರದಲ್ಲಿತ್ತು. ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ. ಹಾಗಲಕ್ಕೆಂದು ಕೇಳಿದವರಿಗೆ ಅಂಗಡಿಯವರು ಮಾವಿನ ತುಂಡನ್ನೇ ಕೊಟ್ಟು ಕಳುಹಿಸಿದ ಉದಾಹರಣೆ ನಮ್ಮ ಊರಿನಲ್ಲೇ ಇದೆ, ಆ ಕೃಷಿಕರು ಬಲೆಯೇ ಮೋಸವೆಂದು ತೀರ್ಮಾನಿಸಿ ಮತ್ತೆ ಮದ್ದಿಗೆ ಹಿಂತಿರುಗಿದರು. ಕೊಳ್ಳುವಾಗ ಬೆಳೆಯ ಹೆಸರಿನ ಜೊತೆಗೆ ಲ್ಯೂರಿನ ಹೆಸರನ್ನೂ ಹೇಳಿ ಕೇಳಿರಿ, ತಯಾರಿಕೆಯ ದಿನಾಂಕವನ್ನೂ ನೋಡಿರಿ. ಹಿಂದೆ ಇಂಥ ತುಂಡುಗಳಿಗೆ ಸೇರಿಸುತ್ತಿದ್ದ ಡೈಕ್ಲೋರ್ವಾಸ್ ಎಂಬ ಕೀಟನಾಶಕ ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಿತವಾಗಿದೆ. ಸಂದೇಹವಿದ್ದರೆ ಬ್ರಹ್ಮಾವರದ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಎರಡನೆಯ ಕೊರತೆ ಮಳೆಯದು. ತೂತುಗಳ ಮೇಲೆ ಅಂಚು ಸಾಲದೆ ಕರಾವಳಿಯ ಓರೆಮಳೆ ಒಳಗೆ ನುಗ್ಗಿ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ತುಂಡು ನೆನೆದು ವಾಸನೆ ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ಎರಡು ತಿಂಗಳು ದಾಟಿ ಬಾಳುವ ತುಂಡು ಜುಲೈಯಲ್ಲಿ ಅಷ್ಟು ಬಾಳಲಿಲ್ಲ. ತಳದಲ್ಲಿ ಸೂಜಿಯಿಂದ ತೂತು ಮಾಡಿ, ಚಪ್ಪರದ ಎಲೆಗಳ ಮರೆಯಲ್ಲಿ ಕಟ್ಟಿದರೆ ಸ್ವಲ್ಪ ಉಪಯೋಗವಾಗುತ್ತದೆ.

ಬಲೆಯಿದ್ದೂ ಬೇರೆ ಕೀಟಕ್ಕೆ ಮದ್ದು ಅನಿವಾರ್ಯವಾದವರು ಮದ್ದಿನ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ನಂಬಿ ಜೇನಿನ ಲೆಕ್ಕ ಹಾಕಬಾರದು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ವರ್ಗೀಕರಣ ಮನುಷ್ಯರಿಗೆ ಎಷ್ಟು ಅಪಾಯ ಎಂಬುದನ್ನು ತಿಳಿಸುತ್ತದೆ, ಜೇನಿಗೆ ಎಷ್ಟು ಎಂಬುದನ್ನು ತಿಳಿಸುವುದಿಲ್ಲ. ಹಳದಿ ತ್ರಿಕೋನದ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೆಲವೇ ನ್ಯಾನೋಗ್ರಾಮಿನಷ್ಟು ಹೊಟ್ಟೆ ಸೇರಿದರೂ ಜೇನುನೊಣ ಸಾಯಬಹುದು. ಅದು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಬರುವುದರಿಂದ ಯಾವ ಹೊತ್ತಿನಲ್ಲಿ ಬಿಟ್ಟರೂ ತಪ್ಪಿಸಿಕೊಳ್ಳಲಾಗದು. ಯುರೋಪಿಯನ್ ಒಕ್ಕೂಟ 2018ರಲ್ಲಿ ಅದನ್ನೂ ಅದೇ ಗುಂಪಿನ ಇನ್ನೆರಡನ್ನೂ ಬಯಲಿನ ಬೆಳೆಗಳಿಗೆ ನಿಷೇಧಿಸಿದೆ. ಸಂಜೆ ಮದ್ದು ಬಿಡುವುದು ಸಾಮಾನ್ಯವಾಗಿ ಒಳ್ಳೆಯ ಸಲಹೆಯಾದರೂ ಹೀರೆ ಮತ್ತು ಸೋರೆಯ ಹೂವುಗಳು ಸಂಜೆಯೇ ಅರಳಿ ಪತಂಗಗಳನ್ನು ಕರೆಯುತ್ತವೆ ಎಂಬುದನ್ನು ಮರೆಯಬಾರದು.

ಗುಳ್ಳ, ಅಂದರೆ ಗುಂಡುಬದನೆ, ಬೆಳೆಯುವವರಿಗೆ ಈ ಬಲೆ ನೇರವಾಗಿ ಉಪಯೋಗವಿಲ್ಲ. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳುವಿನ ಪತಂಗಕ್ಕೆ ಪ್ರತ್ಯೇಕ ಲ್ಯೂರ್ ಮತ್ತು ಪ್ರತ್ಯೇಕ ಬಲೆಯಿದೆ, ಅದನ್ನೇ ಕೇಳಿ ಪಡೆಯಬೇಕು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳಕ್ಕೂ ಈ ಮಾತು ಅನ್ವಯಿಸುತ್ತದೆ. ಬದನೆಯ ಹೂವಿನಲ್ಲಿ ಪರಾಗವು ಕೊಳವೆಯಂಥ ಕೇಸರದೊಳಗೆ ಅಡಗಿರುತ್ತದೆ, ಅದನ್ನು ಮೈ ನಡುಗಿಸಿ ಉದುರಿಸಬಲ್ಲವು ಮರ ಕೊರೆಯುವ ಕರಿದುಂಬಿಗಳು ಮತ್ತು ನೀಲಿಪಟ್ಟೆಯ ಒಂಟಿ ಜೇನುಗಳು. ತುಡುವೆಗೆ ಆ ವಿದ್ಯೆ ಇಲ್ಲ. ಪೆಟ್ಟಿಗೆಯಲ್ಲಿ ಸಾಕಲಾಗದ ಈ ದುಂಬಿಗಳು ಒಣಬಿದಿರು, ಹಳೆಯ ಜಂತಿ, ಗದ್ದೆಯಂಚಿನ ಮಣ್ಣುಗೋಡೆಗಳಲ್ಲಿ ಗೂಡು ಮಾಡುತ್ತವೆ. ಪೆಟ್ಟಿಗೆಯ ಜೇನನ್ನು ಮದ್ದು ಬಿಡುವ ದಿನ ಬಾಗಿಲು ಮುಚ್ಚಿಯಾದರೂ ಕಾಯಬಹುದು, ಇವುಗಳಿಗೆ ಆ ರಕ್ಷಣೆಯೂ ಇಲ್ಲವಾದ್ದರಿಂದ ಗುಳ್ಳದ ಗದ್ದೆಗೆ ಅದರದೇ ಪ್ರತ್ಯೇಕ ಬಲೆಯ ಅಗತ್ಯ ಸೌತೆಗಿಂತಲೂ ಹೆಚ್ಚು.